ನಕ್ಷೆ ಬರೆಯುವ ಮೊದಲು ಯಾರನ್ನು ಕೇಳಬೇಕು?

ನಮ್ಮ ಬಡಾವಣೆಗಳ ಬಗ್ಗೆ ಮಾತಾಡುವ ಮೊದಲು ನಿಮ್ಮನ್ನು ಬಾಸ್ಟನ್ ನಗರಕ್ಕೆ ಕರೆದುಕೊಂಡು ಹೋಗುತ್ತೇನೆ. ಬೆಂಗಳೂರಿನ ವಾರ್ಡಿಗೂ ಅಮೆರಿಕಕ್ಕೂ ಏನು ಸಂಬಂಧ ಅಂತ ನಿಮಗೆ ಅನ್ನಿಸಬಹುದು. ಸ್ವಲ್ಪ ತಾಳಿ, ಅಲ್ಲಿಂದಲೇ ನಮ್ಮ ಬೀದಿಗೆ ಬರುತ್ತೇನೆ.

ಬಾಸ್ಟನ್ನಿನ ರಾಕ್ಸ್‌ಬರಿ ಭಾಗದಲ್ಲಿ ಡಡ್ಲಿ ಸ್ಟ್ರೀಟ್ ಅಂತ ಒಂದು ರಸ್ತೆ ಇದೆ. ಪೇಟೆಯ ನಡುಭಾಗದಿಂದ ಏನೂ ದೂರವಿಲ್ಲ. ಆ ರಸ್ತೆಯ ಸುತ್ತಮುತ್ತ ಕಪ್ಪು ಜನ, ಲ್ಯಾಟಿನ್ ಅಮೆರಿಕದ ಮೂಲದವರು, ಆಫ್ರಿಕಾದ ಪಶ್ಚಿಮಕ್ಕಿರುವ ಕೇಪ್ ವರ್ಡ್ ದ್ವೀಪಗಳಿಂದ ಬಂದವರು, ಒಂದಷ್ಟು ಬಿಳಿಯರು, ಎಲ್ಲ ಒಟ್ಟಿಗೆ ಬದುಕುತ್ತಿದ್ದರು. 1950ರ ನಂತರ ಅನುಕೂಲಸ್ಥ ಬಿಳಿಯರು ಊರ ಹೊರಗಿನ ಹೊಸ ಬಡಾವಣೆಗಳಿಗೆ ಹೊರಟರು. ಬ್ಯಾಂಕುಗಳು ಈ ಭಾಗಕ್ಕೆ ಸಾಲ ಕೊಡುವುದನ್ನು ನಿಲ್ಲಿಸಿದವು. ಬಾಡಿಗೆ ಹುಟ್ಟದ ಮನೆಗಳಿಗೆ ಕೆಲವು ಮಾಲೀಕರು ವಿಮೆ ಹಣದ ಆಸೆಗೆ ಬೆಂಕಿ ಹಚ್ಚಿಸಿದರು. 1980ರ ದಶಕ ಶುರುವಾಗುವ ಹೊತ್ತಿಗೆ ಅಲ್ಲಿನ ಸುಮಾರು ಮೂರನೇ ಒಂದು ಪಾಲು ಜಾಗ ಬಿಕೋ ಅನ್ನುತ್ತಿತ್ತು. ಲೆಕ್ಕ ಹಾಕಿದರೆ 1,300ರಷ್ಟು ಖಾಲಿ ನಿವೇಶನ. ಖಾಲಿ ಜಾಗ ಕಂಡರೆ ಏನಾಗುತ್ತದೆ ಅಂತ ನಿಮಗೆ ಗೊತ್ತು, ಅಲ್ವಾ? ಊರಿನ ಬೇರೆ ಕಡೆಯ ಕಟ್ಟಡದ ಅವಶೇಷ, ಕೆಟ್ಟ ಮಾಂಸ, ಹಳೇ ಕಾರು ಎಲ್ಲ ರಾತ್ರೋರಾತ್ರಿ ಅಲ್ಲಿಗೆ ಬಂದು ಬೀಳುತ್ತಿತ್ತು.

1984ರಲ್ಲಿ ರೈಲಿ ಫೌಂಡೇಶನ್ ಅನ್ನುವ ದಾನಿ ಸಂಸ್ಥೆಯ ಕಣ್ಣು ಈ ಜಾಗದ ಮೇಲೆ ಬಿತ್ತು. ಅವರದು ಒಳ್ಳೆಯ ಮನಸ್ಸೇ. ಹಣ ಕೊಡಲು ತಯಾರಿದ್ದರು. ಅಲ್ಲಿ ಕೆಲಸ ಮಾಡುತ್ತಿದ್ದ ಸೇವಾಸಂಸ್ಥೆಗಳನ್ನು ಕೂಡಿಸಿ ಒಂದು ಯೋಜನೆ ಮಾಡಿದರು. ಅದನ್ನು ನಡೆಸುವ ಆಡಳಿತ ಮಂಡಳಿ ಹೇಗಿರಬೇಕು ಅನ್ನುವುದನ್ನೂ ಬರೆದಿಟ್ಟರು. ಆಮೇಲೆ 1985ರ ಫೆಬ್ರವರಿಯಲ್ಲಿ ಒಂದು ಚರ್ಚಿನಲ್ಲಿ ಸಭೆ ಕರೆದು ಜನರ ಮುಂದೆ ಇಟ್ಟರು. ಇನ್ನೂರರಷ್ಟು ಜನ ಬಂದಿದ್ದರು.

ಆ ಸಭೆಯಲ್ಲಿ ನಿವಾಸಿಯೊಬ್ಬರು ಎದ್ದು ಒಂದು ಪ್ರಶ್ನೆ ಕೇಳಿದರು. ವೇದಿಕೆಯ ಮೇಲೆ ಕೂತಿರುವವರಲ್ಲಿ ಎಷ್ಟು ಜನ ಈ ಬೀದಿಗಳಲ್ಲಿ ವಾಸ ಮಾಡುತ್ತೀರಿ ಅಂತ. ಯಾರೂ ಕೈ ಎತ್ತಲಿಲ್ಲ. ಅಲ್ಲಿಂದ ಸಭೆಯ ದಿಕ್ಕೇ ಬದಲಾಯಿತು. ನಮ್ಮ ಬೀದಿಯ ಮಂಡಳಿಯಲ್ಲಿ ನಮಗೆ ಯಾಕೆ ಇಷ್ಟು ಕಡಿಮೆ ಸ್ಥಾನ? ಯೋಜನೆ ಮಾಡುವಾಗ ನಮ್ಮನ್ನು ಯಾಕೆ ಕರೆಯಲಿಲ್ಲ? ಒಬ್ಬರಾದ ಮೇಲೆ ಒಬ್ಬರು ಎದ್ದರು.

ನನಗೆ ಆ ಪ್ರಶ್ನೆಯಷ್ಟೇ ಮುಖ್ಯವಾಗಿ ಕಾಣುವುದು ಅದಾದ ಮೇಲೆ ದಾನಿಗಳು ನಡೆದುಕೊಂಡ ರೀತಿ. ಅವರು ಸಿಟ್ಟಾಗಿ ಹಣ ವಾಪಸ್ ತೆಗೆದುಕೊಂಡು ಹೋಗಬಹುದಿತ್ತು. ನಾಲ್ಕು ಜನ ಕೂಗಾಡುವವರು ಸಭೆ ಕೆಡಿಸಿದರು ಅಂತ ವರದಿ ಬರೆದು ಸುಮ್ಮನಾಗಬಹುದಿತ್ತು. ಹಾಗೆ ಮಾಡಲಿಲ್ಲ. ಪ್ರಶ್ನೆ ಕೇಳಿದವರನ್ನೇ ಕೂರಿಸಿಕೊಂಡು ಮಂಡಳಿಯ ರಚನೆಯನ್ನು ಹೊಸದಾಗಿ ಬರೆದರು. ನಿವಾಸಿಗಳಿಗೆ ಬಹುಮತ ಸಿಕ್ಕಿತು. ನಾಲ್ಕು ಸಮುದಾಯಗಳಿಗೂ ಸಮ ಸಂಖ್ಯೆಯ ಸ್ಥಾನ ಕೊಟ್ಟರು. ಯಾವ ಸಮುದಾಯದ ಜನ ಜಾಸ್ತಿ, ಯಾವುದರದು ಕಡಿಮೆ ಅಂತ ನೋಡಲಿಲ್ಲ. ಡಡ್ಲಿ ಸ್ಟ್ರೀಟ್ ನೆರೆಹೊರೆ ಸಂಘ ಹುಟ್ಟಿದ್ದು ಹೀಗೆ.

ಸಂಘದವರು ಮೊದಲು ಮಾಡಿದ್ದು ಮನೆಮನೆಗೆ ಹೋಗಿ ಮಾತಾಡಿಸುವ ಕೆಲಸ. ಜನ ಏನು ಕೇಳಿರಬಹುದು ಅಂದುಕೊಂಡಿರಿ? ಮನೆ ಕಟ್ಟಿಸಿ, ಕೆಲಸ ಕೊಡಿಸಿ ಅಂತಲಾ? ಅವೆಲ್ಲ ಬೇಕಿತ್ತು, ನಿಜ. ಆದರೆ ಎಲ್ಲರ ಬಾಯಲ್ಲೂ ಮೊದಲು ಬಂದ ಮಾತು ಕಸದ್ದು. ನಮ್ಮ ಮಕ್ಕಳು ಈ ವಾಸನೆಯಲ್ಲಿ ಬೆಳೆಯಬೇಕಾ ಅನ್ನುವ ಮಾತು. ಹಾಗಾಗಿ 1986ರಲ್ಲಿ ಕಸ ಸುರಿಯುವುದರ ವಿರುದ್ಧ ಚಳವಳಿ ಶುರು ಮಾಡಿದರು. ಆಗಿನ ಮೇಯರ್ ರೇಮಂಡ್ ಫ್ಲಿನ್ ಅವರನ್ನೂ ಅಲ್ಲಿಗೆ ಕರೆಸಿದರು. ಪರವಾನಗಿಯಿಲ್ಲದೆ ನಡೆಯುತ್ತಿದ್ದ ಕಸದ ಗೋದಾಮುಗಳಿಗೆ ಬೀಗ ಬಿತ್ತು.

ದೊಡ್ಡ ನಕ್ಷೆ ಹಿಡಿದು ಬರುವವರಿಗೆ ಇದು ಸಣ್ಣ ಕೆಲಸ ಅನ್ನಿಸುತ್ತದೆ. ನನಗೆ ಹಾಗೆ ಅನ್ನಿಸುವುದಿಲ್ಲ. ಇಪ್ಪತ್ತು ಮೂವತ್ತು ವರ್ಷ ಯಾರೂ ತಮ್ಮ ಮಾತು ಕೇಳದ ಜಾಗದಲ್ಲಿ, ತಾವು ಹೇಳಿದ ಒಂದು ಕೆಲಸ ಕಣ್ಣೆದುರೇ ಆಯಿತು. ಮುಂದಿನ ಸಭೆಗೆ ಜನ ಬರಲು ಅದೇ ಕಾರಣ ಸಾಕು. ಜನ ಸಭೆಗೆ ಬರುವುದಿಲ್ಲ, ಆಸಕ್ತಿ ಇಲ್ಲ ಅಂತ ನಮ್ಮ ಅಧಿಕಾರಿಗಳು ಆಗಾಗ ಹೇಳುತ್ತಾರೆ. ಹಿಂದಿನ ಸಭೆಯಲ್ಲಿ ಹೇಳಿದ ಮಾತಿಗೆ ಏನಾಯಿತು ಅಂತ ಯಾರಾದರೂ ಬಂದು ತಿಳಿಸಿದ್ದಾರಾ? ಅದನ್ನು ಮೊದಲು ನೋಡಬೇಕು.

1987ರಲ್ಲಿ ಡಡ್ಲಿಯವರು ತಮ್ಮದೇ ಸಮಗ್ರ ಯೋಜನೆ ಮಾಡಿದರು. ತಜ್ಞರನ್ನು ದೂರ ಇಡಲಿಲ್ಲ. ತಾವೇ ನೇಮಿಸಿಕೊಂಡರು. ಇದು ಗಮನಿಸಬೇಕಾದ ವಿಷಯ. ಇಂಜಿನಿಯರ್, ವಾಸ್ತುಶಿಲ್ಪಿ ಯಾರಿಗೆ ಲೆಕ್ಕ ಒಪ್ಪಿಸುತ್ತಾರೋ ಅವರ ಮಾತು ನಕ್ಷೆಯಲ್ಲಿ ಕಾಣುತ್ತದೆ. ನಗರ ಪಾಲಿಕೆಗೆ ಬೇರೆ ಯೋಜನೆ, ಜನರಿಗೆ ಬೇರೆ ಯೋಜನೆ ಅಂತ ಎರಡು ಕಡತ ಇರಲಿಲ್ಲ. ಬಾಸ್ಟನ್ ನಗರಾಡಳಿತ ಇವರ ಯೋಜನೆಯನ್ನೇ ಒಪ್ಪಿಕೊಂಡಿತು.

ಆದರೆ ಜಾಗ? ಖಾಲಿ ನಿವೇಶನಗಳಲ್ಲಿ ಅರ್ಧದಷ್ಟು ನಗರದ ಹೆಸರಲ್ಲಿತ್ತು. ಉಳಿದದ್ದು ಎಲ್ಲೆಲ್ಲೋ ಇದ್ದ ಮಾಲೀಕರದ್ದು. ಒಂದು ಸೈಟು ಇವರದು, ಪಕ್ಕದ್ದು ಅವರದು, ನಡುವಿನದು ಯಾರದ್ದೋ ಗೊತ್ತಿಲ್ಲ. ಹೀಗಿದ್ದರೆ ಸಾಲಾಗಿ ಮನೆ ಕಟ್ಟುವುದು ಹೇಗೆ? 1988ರಲ್ಲಿ ಅಮೆರಿಕದಲ್ಲಿ ಅಲ್ಲಿಯವರೆಗೆ ಎಲ್ಲೂ ಆಗದ ಕೆಲಸ ಆಯಿತು. ಡಡ್ಲಿ ತ್ರಿಕೋನ ಅನ್ನುವ ಸುಮಾರು 60 ಎಕರೆ ಪ್ರದೇಶದೊಳಗಿನ ಖಾಸಗಿ ಖಾಲಿ ನಿವೇಶನಗಳನ್ನು ಸ್ವಾಧೀನ ಮಾಡಿಕೊಳ್ಳುವ ಅಧಿಕಾರವನ್ನು ನಗರದ ಅಭಿವೃದ್ಧಿ ಪ್ರಾಧಿಕಾರ ಈ ನಿವಾಸಿಗಳ ಸಂಘಕ್ಕೆ ಕೊಟ್ಟಿತು. ನಮ್ಮಲ್ಲಿ ಭೂಸ್ವಾಧೀನ ಅಂದರೆ ಬಡಾವಣೆಗೆ ಬಿಡಿಎ ನೋಟಿಸು, ಕೈಗಾರಿಕೆಗೆ ಕೆಐಎಡಿಬಿ ನೋಟಿಸು. ಜನರ ಜಾಗವನ್ನು ಸರ್ಕಾರ ತೆಗೆದುಕೊಳ್ಳುವ ಅಸ್ತ್ರ. ಅಲ್ಲಿ ಅದೇ ಅಸ್ತ್ರವನ್ನು, ಯಾರೂ ವಾಸವಿಲ್ಲದ ಜಾಗದ ಮೇಲೆ ಮಾತ್ರ, ಜನರ ಕೈಗೆ ಕೊಟ್ಟರು.

ಹಾಗೆ ಬಂದ ಜಾಗವನ್ನು ಒಂದು ಭೂ ಟ್ರಸ್ಟಿನ ಹೆಸರಲ್ಲಿ ಇಟ್ಟರು. ಜಾಗ ಯಾವತ್ತೂ ಟ್ರಸ್ಟಿನದ್ದೇ. ಅದರ ಮೇಲಿನ ಮನೆ ಕೊಂಡವರದ್ದು. ಜಾಗಕ್ಕೆ 99 ವರ್ಷದ ಗುತ್ತಿಗೆ. ಮನೆ ಮಾರಬೇಕು ಅನ್ನಿಸಿದರೆ ಮಾರಬಹುದು, ಆದರೆ ಬೆಲೆಗೆ ಮಿತಿ ಇದೆ. ಮುಂದೆ ಬರುವ ಸಾಧಾರಣ ಆದಾಯದ ಸಂಸಾರಕ್ಕೂ ಅದು ಎಟುಕಬೇಕು. ಇವತ್ತು ಆ ಟ್ರಸ್ಟಿನ ಜಾಗದಲ್ಲಿ 200ಕ್ಕೂ ಹೆಚ್ಚು ಮನೆಗಳಿವೆ. ಆಟದ ಬಯಲಿದೆ, ಸಮುದಾಯದ ಹಸಿರುಮನೆಯಿದೆ. 2008ರಲ್ಲಿ ಅಮೆರಿಕದ ಗೃಹಸಾಲದ ವ್ಯವಸ್ಥೆ ಕುಸಿದಾಗ ಸುತ್ತಲಿನ ಬೀದಿಗಳಲ್ಲಿ ಎಷ್ಟೋ ಜನ ಮನೆ ಕಳೆದುಕೊಂಡರು. ಈ ಟ್ರಸ್ಟಿನ ಮನೆಗಳಲ್ಲಿ ಅಂಥವರು ತೀರಾ ಕಡಿಮೆ.

ಡಡ್ಲಿಯ ಕತೆಯನ್ನು ಇಷ್ಟು ಬಿಡಿಸಿ ಹೇಳಿದ್ದಕ್ಕೆ ಕಾರಣ ಇದೆ. ನಿವಾಸಿಗಳನ್ನು ಸೇರಿಸಿಕೊಳ್ಳುತ್ತೇವೆ ಅಂತ ಎಲ್ಲ ಯೋಜನೆಗಳ ಮೊದಲ ಪುಟದಲ್ಲೂ ಬರೆದಿರುತ್ತಾರೆ. ಆದರೆ ಯಾವಾಗ ಸೇರಿಸಿಕೊಂಡರು? ಸೇರಿಸಿಕೊಂಡ ಮೇಲೆ ತೀರ್ಮಾನ ಯಾರ ಕೈಲಿತ್ತು? ಈ ಎರಡು ಪ್ರಶ್ನೆ ಹಿಡಿದುಕೊಂಡು ಈಗ ನಮ್ಮ ಊರಿಗೆ ಬನ್ನಿ.

ಈಜಿಪುರ ನಿಮಗೆ ನೆನಪಿರಬೇಕು. ಕೋರಮಂಗಲದ ಪಕ್ಕದಲ್ಲಿ, ಬಡವರಿಗಾಗಿ ಪಾಲಿಕೆ ಕಟ್ಟಿಸಿದ ಕ್ವಾರ್ಟರ್ಸ್ ಅಲ್ಲಿತ್ತು. ಕಟ್ಟಡಗಳ ಗುಣಮಟ್ಟ ಎಷ್ಟು ಕೆಟ್ಟದಾಗಿತ್ತು ಅಂದರೆ 2007ರಲ್ಲಿ ಒಂದು ಬ್ಲಾಕ್ ಕುಸಿದು ಬಿತ್ತು. ಆಮೇಲೆ ಆ ಜಾಗವನ್ನು ಪುನರಭಿವೃದ್ಧಿ ಮಾಡುವ ಯೋಜನೆ ಬಂತು. ಖಾಸಗಿ ಸಹಭಾಗಿತ್ವ, ಒಂದು ಭಾಗದಲ್ಲಿ ಬಡವರಿಗೆ ಮನೆ, ಇನ್ನೊಂದು ಭಾಗದಲ್ಲಿ ಮಾಲ್. 2013ರ ಜನವರಿಯಲ್ಲಿ ಪೊಲೀಸ್ ಕಾವಲಿನಲ್ಲಿ ಜೆಸಿಬಿ ಬಂದವು. ತಗಡಿನ ಶೆಡ್ಡುಗಳಲ್ಲಿದ್ದ ಸಾವಿರಾರು ಜನ ಬೀದಿಗೆ ಬಿದ್ದರು. ಎಷ್ಟೋ ಸಂಸಾರಗಳು ಅದೇ ರಸ್ತೆಯ ಫುಟ್‌ಪಾತಿನಲ್ಲಿ ತಿಂಗಳುಗಟ್ಟಲೆ ಇದ್ದವು. ಅಲ್ಲಿದ್ದವರಲ್ಲಿ ಪೌರಕಾರ್ಮಿಕರಿದ್ದರು, ಅಕ್ಕಪಕ್ಕದ ಬಡಾವಣೆಗಳ ಮನೆಗೆಲಸ ಮಾಡುವ ಹೆಂಗಸರಿದ್ದರು. ಯಾರು ಮೂಲ ಹಂಚಿಕೆದಾರರು, ಯಾರು ಬಾಡಿಗೆಗಿದ್ದವರು, ಯಾರು ಕೊಂಡವರು ಅನ್ನುವ ಪಟ್ಟಿಯ ಜಗಳವೇ ದೊಡ್ಡದಾಯಿತು. ಡಡ್ಲಿಯ ಪ್ರಶ್ನೆಯನ್ನು ಇಲ್ಲಿ ಹಾಕಿ ನೋಡಿ. ಮಾಲ್ ಎಲ್ಲಿ ಬರಬೇಕು, ಮನೆಗೆ ಎಷ್ಟು ಜಾಗ ಅನ್ನುವ ನಕ್ಷೆಯನ್ನು ಬರೆಯುವ ಮೇಜಿನ ಹತ್ತಿರ ಆ ಶೆಡ್ಡಿನವರಿಗೆ ಎಷ್ಟು ಕುರ್ಚಿ ಇದ್ದವು?

ಒಳ್ಳೆಯದು ನಮ್ಮಲ್ಲೂ ಆಗಿದೆ. ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆಯನ್ನು ತೆಗೆದುಕೊಳ್ಳಿ. 48 ಎಕರೆಯಷ್ಟಿರುವ ಕೆರೆ. 2008ರ ಹೊತ್ತಿಗೆ ಅದು ಒಣಗಿ, ಕಸ ತುಂಬಿ, ಕೊಳಚೆ ಹರಿದು ಹಾಳಾಗಿತ್ತು. ಸುತ್ತಲಿನ ನಿವಾಸಿಗಳು ಕಾಮಗಾರಿ ಮುಗಿದ ಮೇಲೆ ದೂರು ಹೇಳಲು ಹೋಗಲಿಲ್ಲ. ಆಗಿನ ಬೆಂಗಳೂರು ಮಹಾನಗರ ಪಾಲಿಕೆ, ಅಂದರೆ ಬಿಬಿಎಂಪಿಯ ಕೆರೆ ವಿಭಾಗದ ಇಂಜಿನಿಯರ್‌ಗಳನ್ನು ನಕ್ಷೆಯ ಹಂತದಲ್ಲೇ ಭೇಟಿಯಾದರು. ಪರಿಸರ ವಿಜ್ಞಾನಿ ಹರಿಣಿ ನಾಗೇಂದ್ರ ಅವರಂಥವರು ಜೊತೆಗಿದ್ದರು. ಒಟ್ಟಿಗೆ ಕೂತು ನಕ್ಷೆ ತಿದ್ದಿದರು. 2011ರ ಹೊತ್ತಿಗೆ ಕೆರೆಗೆ ನೀರು ಬಂತು, ಹಕ್ಕಿಗಳು ಬಂದವು. ಆಮೇಲೆ ನಿವಾಸಿಗಳ ಟ್ರಸ್ಟೇ ಪಾಲಿಕೆಯ ಜೊತೆ ಒಪ್ಪಂದ ಮಾಡಿಕೊಂಡು ಕೆರೆಯ ದಿನನಿತ್ಯದ ನಿರ್ವಹಣೆ ವಹಿಸಿಕೊಂಡಿತು.

ನನಗೆ ಆ ಕೆರೆಯಲ್ಲಿ ಇಷ್ಟವಾಗುವುದು ವಾಕಿಂಗ್ ಹಾದಿಗಿಂತ ಬೇರೆ ಒಂದು ವಿಷಯ. ದನ ಸಾಕುವವರು ಅಲ್ಲಿ ಹುಲ್ಲು ಕೊಯ್ಯುವುದು ನಿಲ್ಲಲಿಲ್ಲ. ಮೀನು ಹಿಡಿಯುವುದು ನಿಲ್ಲಲಿಲ್ಲ. ಗಣೇಶನ ವಿಸರ್ಜನೆಗೆ ಬೇರೆ ಕಲ್ಯಾಣಿ ಮಾಡಿದರು. ಪಕ್ಕದ ಸರ್ಕಾರಿ ಶಾಲೆಯ ಮಕ್ಕಳಿಗೆ ಕೆರೆಯಂಗಳ ಪಾಠದ ಜಾಗವಾಯಿತು. ಬೆಂಗಳೂರಿನ ಎಷ್ಟೋ ಕೆರೆಗಳಲ್ಲಿ ಆಗಿರುವುದು ಇದಕ್ಕೆ ಉಲ್ಟಾ. ಸುತ್ತ ಬೇಲಿ, ಗೇಟಿಗೆ ಬೀಗ, ಬೆಳಿಗ್ಗೆ ಐದರಿಂದ ಒಂಬತ್ತು, ಸಂಜೆ ನಾಲ್ಕರಿಂದ ಏಳು ಅನ್ನುವ ಬೋರ್ಡು. ಆ ಸಮಯ ಯಾರಿಗೆ ಹೊಂದುತ್ತದೆ? ಷೂ ಹಾಕಿಕೊಂಡು ನಡೆಯುವವರಿಗೆ. ಬಟ್ಟೆ ಒಗೆಯುವವರಿಗೆ, ಸೊಪ್ಪು ಬೆಳೆಯುವವರಿಗೆ, ಮಧ್ಯಾಹ್ನ ಎಮ್ಮೆಗೆ ನೀರು ಕುಡಿಸುವವರಿಗೆ ಅಲ್ಲ. ಕೆರೆ ನೀರು ಹಂಚುತ್ತಿದ್ದ ನೀರಗಂಟಿಗಳ ಕಾಲದಿಂದ ಕೆರೆ ಇವರೆಲ್ಲರದ್ದು. ತೂಬು ಎತ್ತುವುದು, ಕೋಡಿ ನೋಡಿಕೊಳ್ಳುವುದು, ಬೇಸಿಗೆಯಲ್ಲಿ ಹೂಳು ತೆಗೆದು ಹೊಲಕ್ಕೆ ಹೊಡೆಯುವುದು ಎಲ್ಲ ಊರಿನ ಕೆಲಸವಾಗಿತ್ತು. ಅಪಾರ್ಟ್‌ಮೆಂಟಿಗೆ ಕೆರೆ ಕಾಣುವ ಮೊದಲೇ ಅವರಿಗೆ ಕೆರೆ ಗೊತ್ತಿತ್ತು.

ನಿವಾಸಿಗಳೇ ಎಲ್ಲ ಮಾಡಿಬಿಡುತ್ತಾರೆ ಅಂತ ನಾನು ಹೇಳುತ್ತಿಲ್ಲ. 2018ರ ಆರಂಭದಲ್ಲಿ ಇದೇ ಕೈಕೊಂಡ್ರಹಳ್ಳಿ ಕೆರೆಯಲ್ಲಿ ರಾಶಿ ರಾಶಿ ಮೀನು ಸತ್ತು ತೇಲಿದವು. ದಡ ಕಾಯುವವರು ದಡ ಕಾಯಬಹುದು. ಮೇಲಿನಿಂದ ರಾಜಕಾಲುವೆಗೆ ಬಿಡುವ ಕೊಳಚೆಯನ್ನು ತಡೆಯಲು ಜಲಮಂಡಳಿ ಬೇಕು, ಮಾಲಿನ್ಯ ನಿಯಂತ್ರಣ ಮಂಡಳಿ ಬೇಕು. ಜನರ ಸಹಭಾಗಿತ್ವ ಅನ್ನುವ ಹೆಸರಿನಲ್ಲಿ ಸರ್ಕಾರ ತನ್ನ ಕೆಲಸವನ್ನು ಸ್ವಯಂಸೇವಕರ ತಲೆಗೆ ಕಟ್ಟಿದರೆ ಅದಕ್ಕೆ ಒಪ್ಪಬೇಡಿ.

ಇನ್ನೊಂದು ಕಷ್ಟದ ವಿಷಯ ಇದೆ. ಕೆರೆ ಚೆನ್ನಾಯಿತು, ರಸ್ತೆ ಚೆನ್ನಾಯಿತು, ಮೆಟ್ರೋ ಬಂತು. ಮುಂದಿನ ವರ್ಷ ಬಾಡಿಗೆ ಏನಾಗುತ್ತದೆ? ಮನೆ ಮಾಲೀಕರಿಗೆ ಖುಷಿ. ಅದೇ ಬೀದಿಯಲ್ಲಿ ಹತ್ತು ವರ್ಷದಿಂದ ಬಾಡಿಗೆಗಿದ್ದ ಇಸ್ತ್ರಿ ಅಂಗಡಿಯವರು, ಆಟೋ ಓಡಿಸುವವರು ಇನ್ನೂ ಹೊರಗೆ ಹೋಗಬೇಕು. ಅಭಿವೃದ್ಧಿಯ ಎಲ್ಲ ತೊಂದರೆ ಉಂಡವರು ಅವರು, ಅಗೆದ ರಸ್ತೆಯ ಧೂಳು ಕುಡಿದವರು ಅವರು. ಕೆಲಸ ಮುಗಿದಾಗ ಅವರೇ ಅಲ್ಲಿ ಇರುವುದಿಲ್ಲ. ಡಡ್ಲಿಯವರ ಭೂ ಟ್ರಸ್ಟ್ ಉತ್ತರ ಹುಡುಕಿದ್ದು ಇದೇ ಪ್ರಶ್ನೆಗೆ. ನಮ್ಮಲ್ಲಿ ಸಹಕಾರ ಸಂಘಗಳ ಕಾನೂನು ಇದೆ, ಗೃಹ ನಿರ್ಮಾಣ ಸಂಘಗಳ ದೊಡ್ಡ ಪರಂಪರೆಯೇ ಇದೆ. ಆದರೆ ಅವು ಸೈಟು ಹಂಚಿ ಕೈತೊಳೆದುಕೊಳ್ಳುವ ಸಂಘಗಳಾಗಿಬಿಟ್ಟವು. ಜಾಗ ಸಂಘದ್ದಾಗಿಯೇ ಉಳಿದು ಮನೆ ಮಾತ್ರ ಕೈ ಬದಲಾಗುವ ಒಂದು ಪ್ರಯತ್ನವನ್ನು, ಮುಖ್ಯವಾಗಿ ಕೊಳಗೇರಿ ಪುನರಭಿವೃದ್ಧಿ ಆಗುವ ಕಡೆ, ನಾವು ಯಾಕೆ ಕೇಳಬಾರದು?

ಈಗ ವಾರ್ಡ್ ಸಮಿತಿಗೆ ಬರೋಣ. ನಗರಾಡಳಿತದ ಬಗ್ಗೆ ಸಂವಿಧಾನಕ್ಕೆ ಮಾಡಿದ 74ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂತು. ಮೂರು ಲಕ್ಷ ಮತ್ತು ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿ ಇರಲೇಬೇಕು ಅಂತ ಸಂವಿಧಾನವೇ ಹೇಳುತ್ತದೆ. ಬೆಂಗಳೂರಿನಲ್ಲಿ ಪ್ರತಿ ವಾರ್ಡಿಗೂ ಸಮಿತಿ ಅಂತ ಗಟ್ಟಿಯಾಗಿ ಆದದ್ದು 2017ರಲ್ಲಿ, ಅದೂ ಹೈಕೋರ್ಟ್ ಒತ್ತಾಯದ ಮೇಲೆ. ಹತ್ತು ಸದಸ್ಯರು, ಅದರಲ್ಲಿ ಮೂವರಾದರೂ ಮಹಿಳೆಯರು, ಇಬ್ಬರು ಪರಿಶಿಷ್ಟ ಜಾತಿ ಅಥವಾ ಪಂಗಡದವರು, ಇಬ್ಬರು ನಿವಾಸಿ ಸಂಘಗಳವರು. ಕಾರ್ಪೊರೇಟರ್ ಅಧ್ಯಕ್ಷರು. ಸದಸ್ಯರನ್ನು ಜನ ಆರಿಸುತ್ತಿರಲಿಲ್ಲ, ನೇಮಕ ಮಾಡುತ್ತಿದ್ದರು. ಅಧ್ಯಕ್ಷರು ಸಮಿತಿಯ ತೀರ್ಮಾನ ತಳ್ಳಿಹಾಕಬಹುದಿತ್ತು. ಹೀಗಿದ್ದೂ ಕೆಲವು ವಾರ್ಡುಗಳಲ್ಲಿ ಒಳ್ಳೆಯ ಕೆಲಸ ಆಯಿತು. 2020ರ ಸೆಪ್ಟೆಂಬರ್‌ನಲ್ಲಿ ಕಾರ್ಪೊರೇಟರ್‌ಗಳ ಅವಧಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ಆಗಲಿಲ್ಲ. 2025ರಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳು ಬಂದವು. ಕಚೇರಿಯ ಬೋರ್ಡು ಬದಲಾದ ಹೊತ್ತಿನಲ್ಲೇ ಕೇಳಬೇಕಾದ್ದನ್ನು ಕೇಳಬೇಕು. ಒಮ್ಮೆ ಪದ್ಧತಿ ಬೇರೂರಿದ ಮೇಲೆ ಅಲುಗಿಸುವುದು ಕಷ್ಟ.

ಬೀದಿ ವ್ಯಾಪಾರಿಗಳ ಕಾನೂನನ್ನು ಒಮ್ಮೆ ನೋಡಿ. 2014ರ ಕೇಂದ್ರ ಕಾನೂನು. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ 40ಕ್ಕೆ ಕಡಿಮೆಯಿಲ್ಲದಂತೆ ಬೀದಿ ವ್ಯಾಪಾರಿಗಳೇ ಇರಬೇಕು, ಅವರನ್ನು ವ್ಯಾಪಾರಿಗಳೇ ಚುನಾಯಿಸಬೇಕು, ಅವರಲ್ಲಿ ಮೂರನೇ ಒಂದು ಪಾಲು ಮಹಿಳೆಯರು. ತಳ್ಳುಗಾಡಿಯವರಿಗೆ ಚುನಾಯಿತ ಸ್ಥಾನ ಕೊಡಲು ಸಾಧ್ಯವಾದ ದೇಶದಲ್ಲಿ ಬಾಡಿಗೆದಾರರಿಗೆ ವಾರ್ಡ್ ಸಮಿತಿಯಲ್ಲಿ ಎರಡು ಸ್ಥಾನ ಕೊಡಲು ಯಾವ ಅಡ್ಡಿ?

ಸಭೆಗೆ ಬಂದವರೇ ಇಡೀ ಬಡಾವಣೆ ಅಂದುಕೊಳ್ಳುವುದು ನಮ್ಮ ದೊಡ್ಡ ತೊಂದರೆ. ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಸಭೆ ಇಟ್ಟರೆ ಯಾರು ಬರುತ್ತಾರೆ? ನಿವೃತ್ತರು ಬರುತ್ತಾರೆ, ಬಿಡುವಿರುವವರು ಬರುತ್ತಾರೆ. ಅವರು ಬರುವುದು ಒಳ್ಳೆಯದೇ, ಎಷ್ಟೋ ಕಡೆ ಕಡತಗಳ ಹಿಂದೆ ಬಿದ್ದು ಕೆಲಸ ಮಾಡಿಸುವವರು ಅವರೇ. ಆದರೆ ಮೂರು ಮನೆ ಪಾತ್ರೆ ತೊಳೆದು ನಾಲ್ಕನೇ ಮನೆಗೆ ಓಡುವ ಹೆಂಗಸಿಗೆ ಆ ಹೊತ್ತು ಆಗುವುದಿಲ್ಲ. ಅವರ ಬೀದಿಯ ನಲ್ಲಿಯಲ್ಲಿ ನೀರು ಬರುವ ಹೊತ್ತು ಬೇರೆ ಇರಬಹುದು. ಭಾಷೆಯದ್ದೂ ಹಾಗೇ. ಡಡ್ಲಿಯ ಸಭೆಗಳು ಮೂರು ಭಾಷೆಯಲ್ಲಿ ನಡೆಯುತ್ತಿದ್ದವು. ಇಂಗ್ಲಿಷ್, ಸ್ಪ್ಯಾನಿಷ್, ಕೇಪ್ ವರ್ಡಿನವರ ಕ್ರಿಯೋಲ್. ನಮ್ಮಲ್ಲಿ ಪವರ್‌ಪಾಯಿಂಟ್ ಇಂಗ್ಲಿಷಿನಲ್ಲಿ ಓಡುತ್ತದೆ. ಮೊದಲು ಅದು ಕನ್ನಡದಲ್ಲಿ ಇರಲಿ. ಆಮೇಲೆ ಬೀದಿ ನೋಡಿಕೊಂಡು ತಮಿಳು, ತೆಲುಗು, ಉರ್ದು ಬಲ್ಲವರೊಬ್ಬರು ಪಕ್ಕದಲ್ಲಿ ಕೂತು ಹೇಳಲಿ.

ಒಂದು ಕೆಲಸ ನೀವೇ ಶುರು ಮಾಡಬಹುದು, ಯಾರ ಅಪ್ಪಣೆಯೂ ಬೇಡ. ನಿಮ್ಮ ಬೀದಿಗೆ ಫುಟ್‌ಪಾತು ಬರುತ್ತದೆ ಅಂದುಕೊಳ್ಳಿ. ಮೊದಲು ಅಂದಾಜು ಪಟ್ಟಿ, ಆಮೇಲೆ ಟೆಂಡರ್, ಆಮೇಲೆ ಕಾರ್ಯಾದೇಶ. ಕಾರ್ಯಾದೇಶ ಗುತ್ತಿಗೆದಾರರ ಕೈಗೆ ಹೋದ ಮೇಲೆ ನೀವು ಏನು ಹೇಳಿದರೂ, ಈಗ ಬದಲಾಯಿಸಲು ಬರುವುದಿಲ್ಲ ಅನ್ನುತ್ತಾರೆ. ಅವರ ಮಾತು ಸುಳ್ಳೂ ಅಲ್ಲ. ಅಂದಾಜು ಪಟ್ಟಿ ಆಗುವ ಮೊದಲೇ ವಾರ್ಡ್ ಇಂಜಿನಿಯರ್ ಅವರನ್ನು ಕರೆದು ಬೀದಿಯಲ್ಲಿ ನಡೆಯಿರಿ. ಸ್ಕೂಲ್ ಬಿಡುವ ಹೊತ್ತಿಗೆ ಒಮ್ಮೆ, ಸಂಜೆ ಪಾನಿಪುರಿ ಗಾಡಿ ನಿಲ್ಲುವ ಹೊತ್ತಿಗೆ ಒಮ್ಮೆ. ಜೊತೆಗೆ ವೀಲ್‌ಚೇರ್ ಬಳಸುವವರೊಬ್ಬರು, ಮಗು ಎತ್ತಿಕೊಂಡ ತಾಯಿಯೊಬ್ಬರು, ತರಕಾರಿ ಮಾರುವವರೊಬ್ಬರು ಇರಲಿ. ಕಟ್ಟೆ ಎಷ್ಟು ಎತ್ತರ ಇದ್ದರೆ ಅಜ್ಜಿ ಹತ್ತಬಹುದು, ಹೊಂಗೆ ಮರದ ಬುಡಕ್ಕೆ ಎಷ್ಟು ಮಣ್ಣು ಬಿಡಬೇಕು, ಮಳೆ ಬಂದಾಗ ನೀರು ಮೊದಲು ಯಾರ ಮನೆಗೆ ನುಗ್ಗುತ್ತದೆ ಎಂಬುದು ಕಚೇರಿಯ ಡ್ರಾಯಿಂಗಿಗೆ ಗೊತ್ತಿರುವುದಿಲ್ಲ. ಅಲ್ಲಿ ಇಪ್ಪತ್ತು ವರ್ಷ ಇದ್ದವರಿಗೆ ಗೊತ್ತಿರುತ್ತದೆ.

ನಡೆದು ಮುಗಿದ ಮೇಲೆ ಏನು ಒಪ್ಪಿದರು, ಏನು ಆಗುವುದಿಲ್ಲ ಅಂದರು, ಯಾಕೆ ಆಗುವುದಿಲ್ಲ ಅಂದರು ಎಲ್ಲವನ್ನೂ ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆಯಿರಿ. ಇಂಜಿನಿಯರ್ ಅವರಿಗೆ ಓದಿ ಹೇಳಿ. ಒಂದು ಪ್ರತಿಯನ್ನು ವಾರ್ಡ್ ಕಚೇರಿಗೆ ಕೊಟ್ಟು ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಮಾಹಿತಿ ಹಕ್ಕು ಕಾನೂನಿನ ನಾಲ್ಕನೇ ಸೆಕ್ಷನ್ ಪ್ರಕಾರ, ಜನರ ಮೇಲೆ ಪರಿಣಾಮ ಬೀರುವ ಮುಖ್ಯ ತೀರ್ಮಾನಗಳ ಮಾಹಿತಿಯನ್ನು ಯಾರೂ ಕೇಳದಿದ್ದರೂ ಪ್ರಕಟಿಸುವುದು ಕಚೇರಿಯ ಕರ್ತವ್ಯ. ಅಂದಾಜು ಪಟ್ಟಿಯನ್ನು ಬೀದಿಯಲ್ಲೇ ಅಂಟಿಸಿ ಅಂತ ಅದೇ ಪತ್ರದಲ್ಲಿ ಕೇಳಿ. ಹಾಲಿನ ಬೂತು, ರೇಷನ್ ಅಂಗಡಿ, ಅಂಗನವಾಡಿಯ ಗೋಡೆ, ಜನ ನಿಂತು ಓದುವ ಜಾಗಗಳು ಇವು. ನಿಮ್ಮ ಪ್ರತಿಯನ್ನು ಅಲ್ಲಿ ನೀವೇ ಅಂಟಿಸಿ, ಮುಂದಿನ ಸಭೆಯ ದಿನಾಂಕವನ್ನೂ ಕೆಳಗೆ ದೊಡ್ಡದಾಗಿ ಬರೆಯಿರಿ.